ಒಬ್ಬನ ಆಣೆಗೆ ಆರು ಜನ

ನನ್ನ ತಂಗಿಯ ಗಂಡ ದುದ್ದ ಟ್ರೆಂಟ್ ನದಿಯಲ್ಲಿ ಇಪ್ಪತ್ತು ವರ್ಷ ದೋಣಿ ನಡೆಸಿದವನು. ಹಂದಿ ಹತ್ತಿಸಿದರೂ ಸರಿ, ಬಿಷಪ್ ಹತ್ತಿದರೂ ಸರಿ, ದಡ ಮುಟ್ಟಿಸಿ ಕೊಟ್ಟದ್ದನ್ನು ತೆಗೆದುಕೊಳ್ಳುತ್ತಿದ್ದ. ನಮ್ಮ ಮರ್ಸಿಯ ರಾಜ್ಯದ ಗದ್ದುಗೆಗಾಗಿ ದಾಯಾದಿಗಳು ಕಚ್ಚಾಡುವಾಗ ನೀನು ಯಾರ ಕಡೆ ಎಂದು ಕೇಳಿದರೆ, ನೀರಿನ ಕಡೆ ಎನ್ನುತ್ತಿದ್ದ. ಇಂಥವನ ಕೈ ಕಡಿದರು. ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ.

ದೊರೆ ಸತ್ತ ವಾರವೇ ಅವನ ತಮ್ಮ ಗದ್ದುಗೆ ಹತ್ತಿದ. ದೊರೆಯ ಮಗ ತಲೆ ಉಳಿಸಿಕೊಳ್ಳಲು ಓಡಿದ. ನಮ್ಮ ಊರಿನ ಒಡೆಯ ಹುನ್ಲಾಫ್ ಒಂದು ಬೆಳಗಿನ ಮಂಜಿನಲ್ಲಿ ತಾನೇ ಅವನ ತೋಳು ಹಿಡಿದು ತಂದು ದುದ್ದನ ದೋಣಿಗೆ ಹತ್ತಿಸಿದ. ಜೊಂಡು ಕೊಯ್ಯುತ್ತಿದ್ದ ನಾವು ಆರು ಜನ ಕಣ್ಣಾರೆ ಕಂಡೆವು. ಹೊಸ ದೊರೆಯ ಆಳುಗಳು ವಿಚಾರಿಸಲು ಬಂದಾಗ ಅದೇ ಹುನ್ಲಾಫ್, ತನಗೇನೂ ಗೊತ್ತಿಲ್ಲ, ಅಂಬಿಗನೇ ಕದ್ದು ದಾಟಿಸಿದ ಎಂದು ಸಂತನ ಮೂಳೆಯ ಮೇಲೆ ಕೈಯಿಟ್ಟು ಆಣೆ ಮಾಡಿದ.

ನಮ್ಮ ಕಟ್ಟಳೆಯಲ್ಲಿ ಒಡೆಯನೊಬ್ಬನ ಆಣೆಗೆ ಉಳುವ ಆರು ಜನರ ಆಣೆ ಸಮ. ಅವನ ಒಂದು ಸುಳ್ಳನ್ನು ತೂಗಲು ನಮ್ಮ ಆರು ನಿಜ ಬೇಕು! ಐದು ಜನ ಒಪ್ಪಿದರು. ಆರನೆಯವನು ನಾನು. ನ್ಯಾಯಸಭೆಯ ಹಿಂದಿನ ದಿನ ಹುನ್ಲಾಫನ ಪಾರುಪತ್ಯಗಾರ ಬಂದು ನನ್ನ ಎತ್ತುಗಳ ಬೆನ್ನು ಸವರಿದ. ಒಡೆಯನ ನೆಲದಲ್ಲಿ ಚೆನ್ನಾಗಿ ಮೇದಿವೆ ಎಂದಷ್ಟೇ ಹೇಳಿ ಹೋದ.

ಓಕ್ ಮರದಡಿ ಸಭೆ ಸೇರಿದಾಗ, ಆ ದಿನ ನನಗೆ ಜ್ವರ, ನಾನು ನದಿಗೇ ಹೋಗಿರಲಿಲ್ಲ ಎಂದೆ. ನನ್ನ ಬಾಯಿಗೆ ಹುಳ ಬೀಳಬೇಕಿತ್ತು. ಐವರ ಮಾತು ಲೆಕ್ಕಕ್ಕೆ ಬರಲಿಲ್ಲ. ದುದ್ದನ ಬಲಗೈಯನ್ನು ಅವನ ದೋಣಿಯ ಅಂಚಿನ ಮೇಲೆಯೇ ಇಟ್ಟು ಕಡಿದರು.

ಮರುವರ್ಷ ದೊರೆಯ ಮಗ ದಂಡು ಕಟ್ಟಿಕೊಂಡು ಬಂದು ಚಿಕ್ಕಪ್ಪನನ್ನು ಕೊಂದು ಗದ್ದುಗೆ ಹಿಡಿದ. ಕಾಪಾಡಿದವನೆಂದು ಹುನ್ಲಾಫನ ತೋಳಿಗೆ ಚಿನ್ನದ ಕಡಗ ಬಿತ್ತು. ನ್ಯಾಯ ಕೇಳಲು ದುದ್ದ ಅರಮನೆಗೆ ಹೋದ. ಇವನಾರು ಎಂದು ದೊರೆ ಕೇಳಿದನಂತೆ. ಹುನ್ಲಾಫ್ ನಕ್ಕು, "ಯಾವನೋ ಕಳ್ಳ ಸ್ವಾಮಿ. ಕೈ ನೋಡಿದ್ರೆ ಗೊತ್ತಾಗಲ್ವಾ?" ಎಂದನಂತೆ. ದೊರೆ ಮಾಂಸದ ತಟ್ಟೆಯ ಕಡೆ ತಿರುಗಿದನಂತೆ.

ನಾನು ದುದ್ದನ ಮನೆಗೆ ಓಡಿದೆ. ಈಗ ಆಣೆ ಮಾಡುತ್ತೇನೆ, ಎತ್ತು ಹೋದರೆ ಹೋಗಲಿ ಎಂದೆ. ನನ್ನ ತಂಗಿ ಟೆಟ್ಟೆ ಮಗ್ಗದಿಂದ ತಲೆ ಎತ್ತಲಿಲ್ಲ.

"ಜ್ವರ ಈಗ ಬಿಡ್ತಾ ಅಣ್ಣ?" ಎಂದಳು.

ದುದ್ದ, "ಆಣೆ ಬೇಡ ಕಣೋ. ಒಂದು ಕೈಲಿ ದೋಣಿ ಸುತ್ತುತ್ತೆ. ಬಂದು ಹುಟ್ಟು ಹಾಕು" ಎಂದ.

ಅಂದಿನಿಂದ ಹನ್ನೊಂದು ವರ್ಷ ನಾನೇ ಹುಟ್ಟು ಹಾಕುತ್ತಿದ್ದೇನೆ. ಹೋದ ವಾರ ಹುನ್ಲಾಫ್ ದೋಣಿ ಹತ್ತಿದ. ಕಡಗದ ತೋಳನ್ನು ಚಾಚಿ ನಡುಮಧ್ಯದಲ್ಲಿ ಕೂತ. ಹೊಳೆ ತುಂಬಿ ಹರಿಯುತ್ತಿತ್ತು. ದುದ್ದ ಮುಂದೆ ಕೂತು ನನ್ನನ್ನೇ ನೋಡುತ್ತಿದ್ದ.

ನಾನು ಒಡೆಯನನ್ನು ಜೋಪಾನವಾಗಿ ದಡ ಮುಟ್ಟಿಸಿದೆ.