ತೊಲೆ ಹೊತ್ತವರು

ಸ್ಕಾಟ್ಲೆಂಡಿನ ಇತಿಹಾಸದ ಮೇಲೆ ಕಾದಂಬರಿ ಬರೆಯುತ್ತಿದ್ದೇನೆಂದು ಯಾರಿಗೋ ಬಾಯಿಬಿಟ್ಟದ್ದೇ ತಪ್ಪಾಯಿತು. ಅಂಕೋಲೆಯ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕವರೆಲ್ಲ ಕೇಳತೊಡಗಿದರು. "ಬರೆಯೂಕೆ ನಮ್ಮಲ್ಲಿ ಎಂತದೂ ಇಲ್ವಾ?"

ಇತ್ತು. ಕಾರವಾರಕ್ಕೂ ಅಂಕೋಲೆಗೂ ನಡುವೆ ಕಡಲ ತಡಿಯಲ್ಲಿದ್ದ ನಮ್ಮ ಊರನ್ನೇ ನೌಕಾನೆಲೆಗೆಂದು ಎಬ್ಬಿಸಿ ಕೆಲವು ವರ್ಷಗಳಾಗಿದ್ದವು. ಅದನ್ನು ಬರೆಯಲು ಎಷ್ಟೋ ಸಲ ಕೂತಿದ್ದೆ. ನಾಲ್ಕು ಪುಟ ದಾಟುವುದರೊಳಗೆ ಕಾದಂಬರಿ ಹೋಗಿ ಜಿಲ್ಲಾಧಿಕಾರಿಗೆ ಬರೆದ ಮನವಿಯಾಗಿಬಿಡುತ್ತಿತ್ತು. ಹರಿದು ಹಾಕಿ ಸಾಕಾಗಿತ್ತು.

ಆಗ ಕೈಗೆ ಸಿಕ್ಕಿದ್ದು ಸ್ಕಾಟ್ಲೆಂಡಿನ ಒಂದು ಹಳೆಯ ಇತಿಹಾಸ. ಅಲ್ಲಿನ ಗುಡ್ಡಗಾಡಿನ ಜಮೀನ್ದಾರರು ಕುರಿ ಮೇಯಿಸಲು ಜಾಗ ಬೇಕೆಂದು ಒಕ್ಕಲುಗಳನ್ನು ಊರೂರೇ ಹೊರಹಾಕಿದ್ದರು. ಮರ ಅಪರೂಪವಾದ ಆ ನಾಡಿನಲ್ಲಿ ಜನ ಮಾಡಿನ ತೊಲೆಗಳನ್ನು ಬಿಚ್ಚಿ ಹೊತ್ತುಕೊಂಡು ಹೋಗುತ್ತಿದ್ದರಂತೆ. ಮತ್ತೆ ಮನೆ ಕಟ್ಟಬಾರದೆಂದು ಜಮೀನ್ದಾರರ ಆಳುಗಳು ಆ ತೊಲೆಗಳಿಗೇ ಬೆಂಕಿ ಇಡುತ್ತಿದ್ದರಂತೆ. ಅದನ್ನೋದಿದ ದಿನವೇ, ಹಾಗೆ ತೊಲೆ ಹೊತ್ತು ಊರು ಬಿಡುವ ಮುದುಕಿಯೊಬ್ಬಳನ್ನು ಇಟ್ಟುಕೊಂಡು ಬರೆಯತೊಡಗಿದೆ. ಕೈ ಎಲ್ಲೂ ತಡೆಯಲಿಲ್ಲ.

ಹಸ್ತಪ್ರತಿ ಓದಿದ ಸಂಪಾದಕರು ಧಾರವಾಡದಿಂದ ಫೋನ್ ಮಾಡಿದರು.

"ಆ ಮುದುಕಿ ತೊಲೆ ಹೊರೋ ಭಾಗ ತೆಗೀರಿ. ಊರು ಬಿಟ್ಟು ಹೋಗೋರು ಮಕ್ಕಳನ್ನ ನೋಡ್ಕೋತಾರೋ, ಮರ ಹೊರ್ತಾರೋ? ಯಾರೂ ನಂಬೂದಿಲ್ಲ."

"ಇತಿಹಾಸದಲ್ಲೇ ಇದೆ, ಸರ್."

"ಇತಿಹಾಸದಾಗ ಇರಬಹುದು. ಕಾದಂಬರಿಯೊಳಗ ಕಾರಣ ಬೇಕಲ್ಲ."

ತಲೆ ಬಿಸಿಯಾಗಿ ಅವರ್ಸಾದಲ್ಲಿದ್ದ ಅಣ್ಣನ ಮನೆಗೆ ಹೋದೆ. ಊರು ಬಿಡುವಾಗ ಅವನೂ ನಮ್ಮ ಮನೆಯ ನಡುತೊಲೆಯನ್ನು ಟೆಂಪೋದಲ್ಲಿ ಹೇರಿಸಿಕೊಂಡು ಬಂದಿದ್ದ. ಹೊಸ ಮನೆಗೆ ಸಿಮೆಂಟಿನ ಸ್ಲ್ಯಾಬು. ತೊಲೆಗೆ ಕೆಲಸವೇ ಇರಲಿಲ್ಲ. ಅಂಗಳದ ಅಂಚಿಗೆ ಬಿದ್ದಿದ್ದ ಅದರ ಮೇಲೆ ಅತ್ತಿಗೆ ಬಂಗಡೆ ಒಣಗಿಸುತ್ತಿದ್ದಳು.

"ಇದನ್ನ ಎಂತಕ್ಕೆ ತಂದೆ?" ಎಂದು ಕೇಳಿದೆ.

ಬಲೆ ಸರಿಮಾಡುತ್ತಿದ್ದ ಅಣ್ಣ ತಲೆ ಎತ್ತಲಿಲ್ಲ. "ಮತ್ತೆಂತ, ಬಿಟ್ಟು ಬರೂದಾ?"

"ಅಲ್ಲ, ಏನಾದ್ರೂ ಕಾರಣ ಇರಬೇಕಲ್ಲ."

"ನಿಂಗೆ ಬೇರೆ ಕೆಲ್ಸ ಇಲ್ವಾ? ನಮ್ದು, ತಂದೆ. ಚಾ ಕುಡೀತ್ಯಾ?"

ಅವನ ಮೇಲೂ ಸಿಟ್ಟು ಬಂತು. ಒಂದು ಕಾರಣ ಹೇಳಿದ್ದರೆ ಮುದುಕಿಯ ಬಾಯಲ್ಲಿ ಹಾಕಿ ಕೈತೊಳೆದುಕೊಳ್ಳಬಹುದಿತ್ತು. ಚಾ ಕುಡಿದು ಬಂದವನು ಆ ಭಾಗಕ್ಕೆ ಒಂದು ಅಕ್ಷರವನ್ನೂ ಸೇರಿಸದೆ ಸಂಪಾದಕರಿಗೆ ಫೋನ್ ಮಾಡಿದೆ.

"ಜನ ಹೊರ್ತಾರೆ, ಸರ್. ನಮ್ಮ ಅಣ್ಣ ಹೊತ್ತು ತಂದಿದ್ದಾನೆ."

"ಹಂಗಾದ್ರ ನಿಮ್ಮ ಅಣ್ಣನ ಬಗ್ಗೆನೇ ಬರೀಬಹುದಿತ್ತಲ್ರಿ?"

ಫೋನ್ ಇಟ್ಟೆ.

ಭಾಗವೇನೋ ಉಳಿಯಿತು. ಪುಸ್ತಕವೂ ಬಂತು, ಕಥೆಯಲ್ಲೆಲ್ಲೂ ಇಲ್ಲದ ಕೋಟೆಯೊಂದು ಮುಖಪುಟದಲ್ಲಿತ್ತು. ಅದೇ ಸಿಟ್ಟಿನಲ್ಲಿ ಅವರ್ಸಾಕ್ಕೆ ಹೋಗಿ, ಅತ್ತಿಗೆ ಕೇಳಿದಳೆಂದು ತೊಲೆಯ ಅಧ್ಯಾಯವನ್ನು ಜಗಲಿಯಲ್ಲಿ ಕೂತು ಓದಿದೆ. ಅಣ್ಣ ಕೈಯಲ್ಲಿದ್ದ ಬಲೆ ಬಿಟ್ಟು ಕೊನೆಯವರೆಗೂ ಕೇಳಿದ.

"ಕುರಿ ಕಟ್ಟೂಕೆ ಜನರನ್ನ ಎಬ್ಬಿಸಿದ್ರಾ?" ಎಂದ. ಬಲೆಯನ್ನು ಮತ್ತೆ ಕೈಗೆತ್ತಿಕೊಂಡು ಹೇಳಿದ: "ನಮ್ಮನ್ನ ಹಡಗು ಕಟ್ಟೂಕಾದ್ರೂ ಎಬ್ಬಿಸಿದ್ರು."