ತಂಬಿಗೆ ಬಸಗೊಂಡಪ್ಪನವರ ಹಾಲು

ನಮ್ಮ ಮಾವ ಬಸಗೊಂಡಪ್ಪನವರನ್ನು ಮುಧೋಳದ ಆಚೀಚೆ ಬರೀ ಹೆಸರು ಹಿಡಿದು ಕೇಳಿದರೆ ಯಾರಿಗೂ ಗೊತ್ತಾಗುವುದಿಲ್ಲ. ತಂಬಿಗೆ ಬಸಗೊಂಡಪ್ಪ ಅನ್ನಬೇಕು. ಪ್ರಾಯದಲ್ಲಿ ಕುಸ್ತಿ ಕಣಕ್ಕೆ ಇಳಿಯುವ ಮುನ್ನ, ಎಮ್ಮೆ ಹಾಲು ತುಂಬಿದ ದೊಡ್ಡ ತಂಬಿಗೆಯನ್ನು ಎತ್ತಿ ಒಂದೇ ಉಸಿರಿಗೆ ಬರಿದು ಮಾಡಿ, ಮೀಸೆ ಒರೆಸಿಕೊಂಡು ಎದುರಾಳಿಯನ್ನು ನೋಡುತ್ತಿದ್ದರಂತೆ. ಆ ನೋಟಕ್ಕೇ ಅರ್ಧ ಕುಸ್ತಿ ಮುಗಿಯುತ್ತಿತ್ತು ಎನ್ನುವವರು ಈಗಲೂ ಇದ್ದಾರೆ. ಮಾವ ಅದನ್ನು ಅಲ್ಲಗಳೆದದ್ದನ್ನು ನಾನಂತೂ ಕೇಳಿಲ್ಲ.

ಮೊಣಕಾಲು ಕೈಕೊಟ್ಟಿತೆಂದು ಕುಸ್ತಿ ಬಿಟ್ಟ ಮೇಲೆ ಅವರು ತಾಲೀಮಿನ ಉಸ್ತಾದರಾದರು. ಅವರ ಪಾಠ ಸರಳ: ಬೆವರು ಸುರಿಸು, ಹಾಲು ಕುಡಿ. ಸೋತವನಿಗೆ ಇನ್ನಷ್ಟು ಹಾಲು, ಗೆದ್ದವನಿಗೂ ಇನ್ನಷ್ಟು ಹಾಲು. ಅವರ ಮಾತಿನಲ್ಲಿ 'ಬಹುಶಃ' ಎಂಬ ಪದಕ್ಕೆ ಜಾಗವೇ ಇಲ್ಲ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು, ನನ್ನ ಬಾಯೂ ಸುಮ್ಮನಿರುವಂಥದ್ದಲ್ಲ. ನಮ್ಮಿಬ್ಬರ ಜಟಾಪಟಿ ಇಲ್ಲದ ದಿನ ಮನೆಯವರಿಗೆ ಊಟ ರುಚಿಸುವುದಿಲ್ಲ.

ನನ್ನ ಮಗಳು ಅಕ್ಷತಾ ಕುಸ್ತಿ ಕಲಿಯುತ್ತೇನೆ ಎಂದಾಗ ಓಣಿಯವರೆಲ್ಲ ಮೂಗು ಮುರಿದರು. ಮಾವ ಮಾತ್ರ ಅವಳ ಕೈ ಹಿಡಿದು ಗರಡಿಯ ಮಣ್ಣಿಗೆ ಇಳಿಸಿದರು. ಅದೊಂದಕ್ಕೇ ಅವರ ಮೇಲೆ ನನಗೆ ಎಲ್ಲಿಲ್ಲದ ಅಭಿಮಾನ. ಹುಡುಗಿಗೆ ಪಟ್ಟುಗಳು ಬೇಗ ಒಲಿದವು. ಒಲಿಯದಿದ್ದದ್ದು ಹಾಲು.

ಬನಹಟ್ಟಿಯ ಪಂದ್ಯದಲ್ಲಿ ಅದು ಎಲ್ಲರೆದುರು ಬಯಲಾಯಿತು. ನಮ್ಮ ಕಡೆ ಕುಸ್ತಿ ಆಡಿಸುವವರು ಹೆಸರುವಾಸಿ ಮನೆತನದ ಪೈಲ್ವಾನರಿಗೆ ಕಣದಲ್ಲೇ ಹಾಲು ಕೊಟ್ಟು ಗೌರವಿಸುತ್ತಾರೆ. ಬೇಡವೆಂದರೆ ಕೊಟ್ಟವರಿಗೆ ಅವಮಾನ. ಅಕ್ಷತಾ ಕುಡಿದಳು. ಕುಸ್ತಿಯ ನಡುವೆ ಹೊಟ್ಟೆ ಗುಡುಗುಟ್ಟಿತು, ಮುರಿದುಕೊಂಡು ಬಂತು. ಗೆಲ್ಲುವ ಪಂದ್ಯ ಬಿಟ್ಟು ಶೌಚಾಲಯ ಹುಡುಕಿಕೊಂಡು ಓಡಿದಳು. "ಹುಡುಗಿ ಹೆದರಿ ಓಡ್ತು" ಎಂದು ಮಂದಿ ಸಿಳ್ಳೆ ಹೊಡೆದರು.

"ಯವ್ವಾ, ಜಮಖಂಡಿ ಕುಸ್ತಿಗಿ ನಾ ಬರಂಗಿಲ್ಲ. ಅಲ್ಲೂ ಹಿಂಗ ಆದ್ರ ಮತ್ತ ಮಣ್ಣು ಮುಟ್ಟೂದಿಲ್ಲ" ಎಂದು ಮನೆಗೆ ಬಂದು ಅತ್ತಳು.

ಮಾವನ ಮದ್ದು ಸಿದ್ಧವಾಗಿತ್ತು. "ಹಾಲು ಸಾಲವಲ್ದು ಅಕಿಗಿ. ನಾಳಿಯಿಂದ ಇನ್ನೊಂದು ಗಿಂಡಿ ಜಾಸ್ತಿ ಕೊಡ್ರಿ, ಹೊಟ್ಟಿ ಗಟ್ಟಿ ಆಕ್ಕೈತಿ."

ನನಗೆ ಮೈಯೆಲ್ಲ ಉರಿಯಿತು. ಊಟಕ್ಕೆ ಕೂತ ಮಾವನ ಕೈಗೆ ಪಲ್ಯವಿಲ್ಲದ ಜೋಳದ ರೊಟ್ಟಿಯ ಚೂರು ಕೊಟ್ಟೆ. "ಮಾವಾರ, ನುಂಗಬ್ಯಾಡ್ರಿ. ಅಗೀರಿ, ಅಗೀತನ ಇರ್ರಿ."

ಅಗಿದರು. ಹುಬ್ಬು ಮೇಲೇರಿತು. "ಸಿಹಿ ಹತ್ತಾಕತ್ತೈತಲ್ಲ!"

"ಸಕ್ರಿ ನಾ ಹಾಕಿಲ್ರಿ. ನಿಮ್ಮ ಎಂಜಲಾಗಿನ ಕಿಣ್ವ ರೊಟ್ಟಿ ಹಿಟ್ಟನ್ನ ಒಡದು ಸಕ್ರಿ ಮಾಡೈತಿ."

ಸುಲಭವಾಗಿ ಬಿಡುವವಳಲ್ಲ ನಾನು, ಇಡೀ ಪಾಠ ಹೇಳಿದೆ. ನಾವು ತಿಂದದ್ದು ಇದ್ದಂತೆಯೇ ರಕ್ತಕ್ಕೆ ಸೇರುವುದಿಲ್ಲ, ಚೂರುಚೂರಾಗಬೇಕು. ಆ ಕೆಲಸ ಕಿಣ್ವಗಳದ್ದು, ಒಂದೊಂದಕ್ಕೂ ಅದರದೇ ಕೆಲಸ. ಬಾಯಲ್ಲಿ ಶುರುವಾದ ರೊಟ್ಟಿಯ ಪಚನ ಸಣ್ಣ ಕರುಳಿನಲ್ಲಿ ಮುಗಿಯುತ್ತದೆ. ಬೇಳೆಕಾಳಿನ ಪ್ರೋಟೀನನ್ನು ಜಠರದ ಆಮ್ಲ, ಪೆಪ್ಸಿನ್ ಸೇರಿ ಕತ್ತರಿಸತೊಡಗುತ್ತವೆ. ತುಪ್ಪ, ಎಣ್ಣೆಯನ್ನು ಪಿತ್ತರಸ ಸಣ್ಣ ಹನಿಗಳಾಗಿ ಮಾಡಿಕೊಟ್ಟರೆ ಮೇದೋಜೀರಕದ ಕಿಣ್ವ ಅದನ್ನು ಒಡೆಯುತ್ತದೆ. ಹಾಲಿನ ಸಕ್ಕರೆ ಒಡೆಯಲು ಸಣ್ಣ ಕರುಳಿನ ಗೋಡೆಯಲ್ಲಿ ಲ್ಯಾಕ್ಟೇಸ್ ಎಂಬ ಕಿಣ್ವ ಬೇಕು. ಮೊಲೆಹಾಲು ಕುಡಿಯುವ ಕೂಸಿಗೆ ಅದು ಬೇಕಾದಷ್ಟಿರುತ್ತದೆ. ಬೆಳೆಯುತ್ತ ಹೋದಂತೆ ಬಹಳ ಜನರಲ್ಲಿ ಕಡಿಮೆಯಾಗುತ್ತದೆ. ಆಗ ಒಡೆಯದ ಸಕ್ಕರೆ ದೊಡ್ಡ ಕರುಳಿಗೆ ಇಳಿದು ನೀರು ಎಳೆದುಕೊಳ್ಳುತ್ತದೆ, ಅಲ್ಲಿನ ಬ್ಯಾಕ್ಟೀರಿಯಾಗಳು ಅದನ್ನು ತಿಂದು ಗಾಳಿ ಬಿಡುತ್ತವೆ. ಗುಡುಗುಡು, ನೋವು, ಭೇದಿ ಎಲ್ಲ ಅಲ್ಲಿಂದಲೇ.

"ಇದು ಹೆದರಿಕಿ ಅಲ್ರಿ, ರೋಗಾನೂ ಅಲ್ಲ. ಮೊಸರು ಕೊಡೂನ್ರಿ. ಹೆಪ್ಪಿನ ಬ್ಯಾಕ್ಟೀರಿಯಾ ಆ ಸಕ್ರಿ ಒಂದಿಷ್ಟು ಮದಲ ತಿಂದಿರತಾವು."

"ಹಾಲು ಒಗ್ಗದ ಪೈಲ್ವಾನ ಈ ಸೀಮಿಯೊಳಗ ಹುಟ್ಟಿಲ್ಲ, ಅಕ್ಕೋರ" ಎಂದು ಗದರಿಸುತ್ತಾರೆ ಎಂದು ಕಾದೆ. ಶಾಲೆಯ ಮಕ್ಕಳು ಕರೆಯುವ ಹಾಗೆ ಅಕ್ಕೋರ ಎಂದೇ ಅವರು ನನ್ನನ್ನು ಕಾಡಿಸುವುದು. ಆದರೆ ಅವರು ಕೈ ತೊಳೆದು, "ಮೊಸರು ಕೊಡ್ರಿ ಅಕಿಗಿ" ಎಂದಷ್ಟೇ ಹೇಳಿ ಎದ್ದುಹೋದರು. ಗೆದ್ದೆನೆಂದು ನಾನು ಬೀಗಿದೆ. ಊಟವಾದ ಮೇಲೆ ಅವರು ಮಜ್ಜಿಗೆಯನ್ನಲ್ಲದೆ ಹಾಲನ್ನು ಮುಟ್ಟಿದ್ದು ನಾನು ಸೊಸೆಯಾಗಿ ಬಂದಾಗಿನಿಂದ ಕಂಡಿರಲಿಲ್ಲ. ಆಗಲೂ ಅದು ತಲೆಗೆ ಹೊಳೆಯಲಿಲ್ಲ.

ಮೊಸರು, ಮೊಳಕೆ ಹೆಸರುಕಾಳು, ಶೇಂಗಾ ಎಂದು ಅಕ್ಷತಾಳ ಊಟ ಬದಲಾಯಿತು. ಹೊಟ್ಟೆ ತಣ್ಣಗಾಯಿತು, ಮೈ ತುಂಬಿತು. ಜಮಖಂಡಿಗೆ ಹೊರಡಲು ಒಪ್ಪಿದಳು. ಆದರೂ ಬಸ್ಸಿನಲ್ಲಿ ಕೇಳಿದಳು: "ಮುತ್ಯಾ, ಅಲ್ಲಿ ಹಾಲು ಕೊಟ್ರ?"

"ನಾ ಅದೀನಲ್ಲ, ಅಂಜಬ್ಯಾಡ" ಎಂದರು ಮಾವ.

ಕಣದ ಸುತ್ತ ಜನ ಕಿಕ್ಕಿರಿದಿದ್ದರು. "ತಂಬಿಗಿ ಬಸಗೊಂಡಪ್ಪನ ಮೊಮ್ಮಗಳು!" ಎಂದು ಮೈಕು ಕೂಗಿತು. ಕುಸ್ತಿ ಕಮಿಟಿಯ ಹಿರಿಯ ಲಗಮಣ್ಣ ಆ ಹೆಸರಿಗೆ ತಕ್ಕ ದೊಡ್ಡ ತಂಬಿಗೆಯನ್ನೇ ಹೊತ್ತು ತಂದ. ಅಕ್ಷತಾಳ ಮುಖ ಬಿಳಿಚಿತು. ಆದರೂ ಮುತ್ಯಾನ ಮರ್ಯಾದೆಗೆಂದು ಕೈ ಚಾಚಿದಳು. ನಾನು ಕೂತಲ್ಲಿಂದ ಎದ್ದುಬಿಟ್ಟೆ.

ಮಾವ ನಡುವೆ ಬಂದು ತಂಬಿಗೆ ಇಸಿದುಕೊಂಡರು. ಅವರೇ ಎತ್ತುತ್ತಾರೆಂದು ಜನ ಕೇಕೆ ಹಾಕಿದರು. ಅವರು ಅದನ್ನು ಎರಡೂ ಕೈಯಿಂದ ಹಣೆಗೆ ಮುಟ್ಟಿಸಿ ಲಗಮಣ್ಣನಿಗೆ ಹಿಂತಿರುಗಿಸಿದರು.

"ಲಗಮಣ್ಣಾ, ತಪ್ಪು ತಿಳಕೋಬ್ಯಾಡ. ಅಕಿಗಿ ಹಾಲು ಒಗ್ಗೂದಿಲ್ಲ. ನನಗೂ ಒಗ್ಗೂದಿಲ್ಲ."

ಜನ ನಕ್ಕರು, ಚೇಷ್ಟೆಯೆಂದುಕೊಂಡು.

"ನಗಬ್ಯಾಡ್ರಲೇ! ಮೊಣಕಾಲು ಹೋತಂತ ಕುಸ್ತಿ ಬಿಟ್ನಿ ಅಂದಿದ್ನಲ್ಲ, ಸುಳ್ಳದು. ವಯಸ್ಸಾದಂಗ ಹಾಲು ಹೊಟ್ಟ್ಯಾಗ ನಿಲ್ಲಲಿಲ್ಲ. ಬ್ಯಾಡ ಅಂದ್ರ ಹೆಸರು ಹೋಕ್ಕೈತಿ ಅಂತ ಅಂಜಿ ಕಣಾನ ಬಿಟ್ನಿ. ನನ್ನ ಮೊಮ್ಮಗಳು ಬಿಡಂಗಿಲ್ಲ. ಮಜ್ಜಿಗಿ ತರಸು."

ಲಗಮಣ್ಣ ಮಜ್ಜಿಗೆ ತರಲು ಹುಡುಗನೊಬ್ಬನನ್ನು ಓಡಿಸಿದ. ಆಮೇಲೆ ತಮ್ಮ ಸರದಿಗಾಗಿ ಕೂತಿದ್ದ ಪೈಲ್ವಾನರ ಸಾಲಿನಿಂದ ಬೀಳಗಿ ಕಡೆಯ ಭಾರೀ ಆಳೊಬ್ಬ ನಾಚುತ್ತಲೇ ಕೈ ಎತ್ತಿದ. "ಉಸ್ತಾದ, ನನಗೂ ಮಜ್ಜಿಗಿನ ಹೇಳ್ರಿ." ಅವನ ಪಕ್ಕದವನೂ ಎತ್ತಿದ.

ಅಕ್ಷತಾ ಮಜ್ಜಿಗೆ ಕುಡಿದು ಕಣಕ್ಕಿಳಿದಳು, ಎದುರಾಳಿಯ ಬೆನ್ನನ್ನು ಮಣ್ಣಿಗೆ ಹಚ್ಚಿಯೇ ಎದ್ದಳು. ನಾನು ಹುಚ್ಚಿಯ ಹಾಗೆ ಕೂಗಿದೆ.

ಮರಳುವ ಬಸ್ಸಿನಲ್ಲಿ ಮೊಮ್ಮಗಳು ಮುತ್ಯಾನ ಹೆಗಲಿಗೆ ಒರಗಿ ನಿದ್ದೆ ಹೋಗಿದ್ದಳು. ಮಾವ ಕಿಟಕಿಯಾಚೆಯ ಕಬ್ಬು ನೋಡುತ್ತ ಕೇಳಿದರು:

"ಅಕ್ಕೋರ, ಈ ಕಿಣ್ವದ ಮಾತು ಆವಾಗ ಯಾರರೆ ಹೇಳಿದ್ರ, ನಾ ಇನ್ನೂ ಹತ್ತು ವರ್ಷ ಆಡತಿದ್ನಿ. ಹೌದಲ್ಲ?"

ಪ್ರತಿ ಮಾತಿಗೂ ವಾದ ಹೂಡುವ ನಾನು ಹೌದೆಂದು ತಲೆಯಾಡಿಸಿದೆ.

"ಗೆಲ್ಲತಿದ್ನಿ" ಎಂದರು ಮಾವ.