ಉಂಡೆಯಾದ ಜಿಗಣೆ

ಬೆಳಗಿನ ಆರು ಗಂಟೆ. ಮೊಣಕಾಲುದ್ದದ ಕೆರೆನೀರಿನಲ್ಲಿ ನಿಂತು ಆಕೆ, ಮಲಗಿದ ಮಗುವಿನ ಮಗ್ಗುಲು ಬದಲಿಸುವಷ್ಟು ಮೆಲ್ಲಗೆ, ಕಲ್ಲೊಂದನ್ನು ಮಗುಚುತ್ತಾರೆ. ಅಡಿಯಲ್ಲಿ ಅಂಟಿಕೊಂಡ ಜಿಗಣೆಯನ್ನು ಕುಂಚದಿಂದ ಬಿಡಿಸಿ ಬಿಳಿ ತಟ್ಟೆಗೆ ಹಾಕಿ, ಭೂತಗನ್ನಡಿಯಲ್ಲಿ ಅದರ ಕಣ್ಣು ಎಣಿಸುತ್ತಾರೆ. "ಐದು ಜೊತೆ ಇದ್ರೆ ರಕ್ತ ಕುಡಿಯೋ ಜಾತಿ. ಇದಕ್ಕೆ ಮೂರೇ ಜೊತೆ. ಪಾಪ, ಬಸವನಹುಳು ತಿಂದ್ಕೊಂಡು ತನ್ನ ಪಾಡಿಗೆ ತಾನಿರುತ್ತೆ."

ಪ್ರಯೋಗಾಲಯವೊಂದಕ್ಕೆ ಇಪ್ಪತ್ತಾರು ವರ್ಷಗಳಿಂದ ಜಿಗಣೆ ಹುಡುಕಿಕೊಡುವ ಇವರು ಎಲ್ಲರ ಬಾಯಲ್ಲೂ ಜಿಗಣೆ ಅಕ್ಕ. ದಿನಕ್ಕೆ ಇನ್ನೂರು ಕಲ್ಲು ಮಗುಚಿದರೆ ಹತ್ತು ಜಿಗಣೆ ಸಿಕ್ಕಾವು. ಓದಿದ್ದು ಏಳನೇ ತರಗತಿ, ಗುರುತು ಹಿಡಿಯಬಲ್ಲ ಜಾತಿ ಹತ್ತೊಂಬತ್ತು. ಕಾಲ ತುಂಬ ಕಚ್ಚಿದ ಕಲೆಗಳು. ನಾದಿನಿ ಅವನ್ನು ಕಂಡಾಗಲೆಲ್ಲ ಮುಖ ಸಿಂಡರಿಸುತ್ತಾಳಂತೆ.

"ಈ ಕಲೆಗೆಲ್ಲ ನನಗೆ ನಾಚಿಕೆ ಇಲ್ಲ. ನಾಚಿಕೆ ಬೇರೆಯದಕ್ಕಿದೆ," ಎಂದು ಆಕೆ ದಡಕ್ಕೆ ಬಂದು ಕೂರುತ್ತಾರೆ.

ಹನ್ನೊಂದು ವರ್ಷದ ಹಿಂದೆ ಇದೇ ಕೆರೆಯಲ್ಲಿ ಅವರಿಗೆ ಎಂದೂ ಕಾಣದ ಜಿಗಣೆಯೊಂದು ಸಿಕ್ಕಿತು. ಜಿಗಣೆಯಿರುವ ನೀರಿಗೆ ಹನಿಹನಿಯಾಗಿ ಸ್ಪಿರಿಟ್ ಬೆರೆಸಿ, ಅದು ಮತ್ತೇರಿ ಮೈಚಾಚಿದ ಮೇಲೆಯೇ ಬಾಟಲಿಗೆ ಹಾಕಬೇಕು. ಅರ್ಧ ಗಂಟೆ ಹಿಡಿಯುವ ಕೆಲಸ. ಅಂದು ಬಸ್ಸಿಗೆ ಹೊತ್ತಾಗಿತ್ತು. ಆತುರಗಾರನಿಗೆ ಬುದ್ಧಿ ಮಟ್ಟ ಎಂಬಂತೆ ಸ್ಪಿರಿಟನ್ನು ಒಮ್ಮೆಗೇ ಸುರಿದುಬಿಟ್ಟರು. ಜಿಗಣೆ ಕಡಲೆಕಾಳಿನಷ್ಟು ಉಂಡೆಯಾಯಿತು. ಕಣ್ಣೆಣಿಸಲು ಮುಖವೇ ಹೊರಗಿಲ್ಲ.

ಮರುದಿನ ಪ್ರಯೋಗಾಲಯದ ಮೇಡಂ ಹೀಗೇಕಾಯಿತೆಂದು ಕೇಳಿದಾಗ ಆಕೆಯ ಬಾಯಿಂದ ಬಂದದ್ದು, "ನಾನು ಜೀವಂತವಾಗೇ ಕೊಟ್ಟಿದ್ದೆ." ಜೀವಂತ ಬಂದ ಹುಳುಗಳಿಗೆ ಅಲ್ಲಿ ಸ್ಪಿರಿಟ್ ಬೆರೆಸಿ ದಿನಕ್ಕೆ ನಲವತ್ತು ಬಾಟಲಿ ತುಂಬಿಸುವ ಬಾಟಲಿ ಅಣ್ಣ ತಲೆ ಕೆರೆದುಕೊಂಡು, "ನನ್ನ ಕೈಯಲ್ಲೇ ಆಗಿರ್ಬೇಕು ಮೇಡಂ," ಎಂದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಅಂದಿನಿಂದ ಅಣ್ಣನ ಕೈಗೆ ಒಂದೂ ಬಾಟಲಿ ಕೊಟ್ಟಿಲ್ಲ. ಈಗ ಅಲ್ಲೇ ಬಾಗಿಲು ಕಾಯುತ್ತಾರೆ. ಅಂಥ ಜಿಗಣೆ ಮತ್ತೆ ಸಿಗಲೂ ಇಲ್ಲ.

"ದಿನಾ ಒದ್ದೆ ಕಾಲಲ್ಲಿ ಹೋಗ್ತೀನಲ್ಲ, ಟವೆಲ್ ಕೊಟ್ಟು 'ಒರೆಸ್ಕೊಳ್ಳಕ್ಕಾ, ಶೀತ ಆಗುತ್ತೆ' ಅಂತಾನೆ. ಬೈದಿದ್ರೇ ವಾಸಿಯಿತ್ತು. ಆ ಟವೆಲ್ ಮುಟ್ಟೋಕೆ ನಾಚಿಕೆ ಆಗುತ್ತೆ." ಮುಂದಿನ ತಿಂಗಳು ಬಾಟಲಿ ಅಣ್ಣನಿಗೆ ನಿವೃತ್ತಿ. ಆಮೇಲೆ ಯಾರಿಗೆ ಹೇಳಿ ಏನು ಬಂತು?

ಪತ್ರಿಕೆಗೆಂದು ಫೋಟೋಗೆ ನಿಲ್ಲಿ ಎಂದರೆ ಆಕೆ ಒಪ್ಪುವುದಿಲ್ಲ.

"ನನ್ನ ಹೊಗಳೋದೇನೂ ಬೇಡ. ಇವತ್ತು ನಾನೇ ಹೋಗಿ ಅವನ ಮುಂದೇನೇ ಮೇಡಂಗೆ ಹೇಳ್ತೀನಿ. ಬಾಗಿಲಲ್ಲಿ ಅವನ ಮುಖ ನೋಡಿ ಬಾಯಿ ಕಟ್ಟಿದ್ರೂ ಕಟ್ಟಬಹುದು, ಎಷ್ಟು ಸಲ ಹಾಗಾಗಿದೆಯೋ. ಅದಕ್ಕೇ ನಿಮಗೆ ಹೇಳಿದ್ದು. ನೀವು ಬರೆದ್ಬಿಡಿ, ಸುರಿದಿದ್ದು ನಾನು."